ಅಭಿಪ್ರಾಯ ಕೇಳಿಕೊಂಡು ಬಂದ ಹುಳು

ಈಗ ಕಂಪ್ಯೂಟರ್ ಕಾಯುವ ಕೆಲಸಕ್ಕೆ ಸೇರುವ ಮಕ್ಕಳು ಆಗಾಗ ಹುಬ್ಬಳ್ಳಿಯ ಬೆಂಗೇರಿಯಲ್ಲಿರುವ ನಮ್ಮ ಮನೆಗೆ ಬರುತ್ತಾರೆ. ಚಹಾ ಕುಡಿದು, ಕೈಯಲ್ಲಿನ ಫೋನು ಕೆಳಗಿಟ್ಟು, ಎಲ್ಲರೂ ಕೇಳುವ ಪ್ರಶ್ನೆ ಒಂದೇ: ‘ಅಕ್ಕಾರ, ನಿಮ್ಮ ಕಾಲದಾಗ ಇದಕ್ಕ ಕೋರ್ಸ್ ಇದ್ದಿಲ್ಲ. ನೀವು ಎಲ್ಲಿ ಕಲ್ತ್ರಿ?’

‘ಕಳ್ಳರ ಕಡೆ’ ಎನ್ನುತ್ತೇನೆ. ಅವರು ನಗುತ್ತಾರೆ. ನಾನೇನೂ ಚೇಷ್ಟೆ ಮಾಡುತ್ತಿಲ್ಲ. ಧಾರವಾಡದ ಒಂದು ಸಂಶೋಧನ ಸಂಸ್ಥೆಯ ಕಂಪ್ಯೂಟರ್ ವಿಭಾಗದಲ್ಲಿ ಇಪ್ಪತ್ತೆರಡು ವರ್ಷ ದುಡಿದೆ. ಬೆಳಿಗ್ಗೆ ಹುಬ್ಬಳ್ಳಿಯಿಂದ ಬಸ್ಸು ಹಿಡಿದು ಹೋಗುವುದು, ಸಂಜೆ ಬಸ್ಸಿನಲ್ಲಿ ತೂಕಡಿಸುತ್ತ ಬರುವುದು. ಬಡ್ತಿಗಳ ವಿಷಯ ಬರೆಯುವುದಿಲ್ಲ. ಎರಡು ಸಿಕ್ಕವು, ಎರಡಕ್ಕೂ ಪೇಢೆ ಹಂಚಿದೆ, ಅಲ್ಲಿಗೆ ಮುಗಿಯಿತು. ಆದರೆ ನನಗೆ ಬಂದ ವಿದ್ಯೆಯಲ್ಲಿ ಮುಕ್ಕಾಲು ಪಾಲು ಮುಖ ನೋಡದ, ಹೆಸರು ಗೊತ್ತಿಲ್ಲದ ಕೆಡುಕರು ಕಲಿಸಿದ್ದು. ಅವರು ಒಡೆದದ್ದನ್ನು ನಾವು ಕಟ್ಟಿದೆವು. ನಾವು ಚಾಪೆ ಕೆಳಗೆ ತೂರಿದರೆ ಅವರು ರಂಗೋಲಿ ಕೆಳಗೆ ತೂರುತ್ತಿದ್ದರು. ಅದನ್ನೇ ಈಗ ಬರೆದಿಡುತ್ತೇನೆ.

ತೊಂಬತ್ತರ ದಶಕದ ಮೊದಲಲ್ಲಿ ನಾನು ಸೇರಿದಾಗ ವಿಭಾಗದ ಮುಖ್ಯಸ್ಥರು ಮುಳಗುಂದ ಸರ್. ಬಹಳ ಶಿಸ್ತಿನ ಮನುಷ್ಯ. ನಾಲ್ಕು ಕಂಪ್ಯೂಟರು, ಒಂದು ಏಸಿ, ಬಾಗಿಲಲ್ಲಿ ‘ಚಪ್ಪಲಿ ಹೊರಗೆ ಬಿಡಿರಿ’ ಎಂಬ ಬೋರ್ಡು. ವೈರಸ್ ಎಂಬ ಶಬ್ದ ಆಗಷ್ಟೇ ಪತ್ರಿಕೆಗಳಲ್ಲಿ ಬರತೊಡಗಿತ್ತು. ಅದು ಧೂಳಿನಿಂದ ಬರುವ ರೋಗವೆಂದು ಸರ್ ಖಂಡಿತವಾಗಿ ನಂಬಿದ್ದರು. ನಾನೂ ನಂಬಿದ್ದೆ, ಸುಳ್ಳು ಯಾಕೆ ಹೇಳಲಿ. ಸಿಪಾಯಿ ಫಕ್ಕೀರಪ್ಪ ದಿನಕ್ಕೆರಡು ಸಲ ನೆಲ ಒರೆಸುತ್ತಿದ್ದ. ಫಕ್ಕೀರಪ್ಪ ಅಂದರೆ ಐವತ್ತು ದಾಟಿದ, ದೊಡ್ಡ ಮೀಸೆಯ, ಸಂಸ್ಥೆಯ ಪ್ರತಿಯೊಂದು ಕುರ್ಚಿಯ ಇತಿಹಾಸ ಬಲ್ಲ ಮನುಷ್ಯ. ಒಮ್ಮೆ ಸಂಸ್ಥೆಯ ಅಧ್ಯಕ್ಷರೇ ಬಂದಾಗ ಅವರ ಬೂಟನ್ನೂ ಬಿಚ್ಚಿಸಿದ. ಅಧ್ಯಕ್ಷರು ಹರಿದ ಕಾಲುಚೀಲದಲ್ಲಿ ಒಳಗೆ ಬಂದರು.

ಅದೇ ವಾರ ನಾಲ್ಕೂ ಕಂಪ್ಯೂಟರುಗಳಿಗೆ ವೈರಸ್ ಹೊಕ್ಕಿತು. ಪರದೆಯ ಮೇಲಿನ ಅಕ್ಷರಗಳು ಒಂದೊಂದಾಗಿ ಉದುರಿ ಕೆಳಗೆ ಗುಡ್ಡೆ ಬೀಳತೊಡಗಿದವು. ಮುಳಗುಂದ ಸರ್ ಫಕ್ಕೀರಪ್ಪನನ್ನು ಕರೆಸಿದರು.

‘ಯಾರರ ಚಪ್ಪಲ್ ಹಾಕ್ಕೊಂಡು ಬಂದಿದ್ರೇನ?’

‘ಇಲ್ಲರೀ ಸಾಹೇಬ್ರ. ಇರವೀನೂ ಕಾಲು ತೊಳಕೊಂಡು ಬಂದಾವು.’

ಮೂರು ದಿನ ಹುಡುಕಿದ ಮೇಲೆ ಕಳ್ಳ ಸಿಕ್ಕ. ವೈರಸ್ ಬಂದದ್ದು ಮುಳಗುಂದ ಸರ್ ಅಂಗಿಯ ಜೇಬಿನಲ್ಲಿ, ಭಾವಮೈದುನ ಕೊಟ್ಟ ಆಟದ ಫ್ಲಾಪಿಯಲ್ಲಿ ಕುಳಿತು. ಸರ್ ಬರಿಗಾಲಲ್ಲೇ ಬಂದಿದ್ದರು, ಪಾಪ. ಮರುದಿನ ನಾನು ಬಾಗಿಲ ಹೊರಗೆ, ಚಪ್ಪಲಿಗಳ ಪಕ್ಕದಲ್ಲೇ, ಒಂದು ಹಳೆಯ ಕಂಪ್ಯೂಟರನ್ನು ಮೇಜಿನ ಮೇಲಿಟ್ಟೆ. ಯಾವ ಫ್ಲಾಪಿ ಒಳಗೆ ಬರಬೇಕಾದರೂ ಮೊದಲು ಅಲ್ಲಿ ತಪಾಸಣೆಯಾಗಬೇಕು. ಫಕ್ಕೀರಪ್ಪ ಅದಕ್ಕೆ, ಲಾರಿ ತಡೆದು ನೋಡುವ ಕಟ್ಟೆಯಂತೆ, ನಾಕಾ ಎಂದು ಹೆಸರಿಟ್ಟ. ಇಂದು ದೊಡ್ಡ ಕಂಪನಿಗಳು ಇದೇ ಕೆಲಸವನ್ನು ದೊಡ್ಡ ಹೆಸರಿನಿಂದ ಮಾಡುತ್ತವೆ. ನಮ್ಮ ನಾಕಾ ಚಪ್ಪಲಿ ಸಾಲಿನಲ್ಲಿ ಹುಟ್ಟಿತು.

ಎರಡನೆಯ ಪಾಠಕ್ಕೆ ಐದಾರು ವರ್ಷ ಬೇಕಾಯಿತು. ಅಷ್ಟರಲ್ಲಿ ಯಂತ್ರಗಳು ಹದಿನಾಲ್ಕಾಗಿದ್ದವು. ಹುಬ್ಬಳ್ಳಿಯ ಶಾಖೆಯವರು ಫೋನ್ ತಂತಿಯ ಮೂಲಕ ನಮ್ಮ ಯಂತ್ರಕ್ಕೆ ಬಂದು ಹೋಗುವ ಏರ್ಪಾಡಿತ್ತು. ಪ್ರತಿಯೊಬ್ಬರಿಗೂ ಪಾಸ್‌ವರ್ಡ್ ಕೊಟ್ಟು, ‘ಮರೆಯದಂಥದ್ದು ಇಟ್ಟುಕೊಳ್ಳಿರಿ’ ಎಂದಿದ್ದೆ. ಮರೆಯದಂಥದ್ದು ಯಾವುದು? ಎಲ್ಲರೂ ತಂತಮ್ಮ ಮನೆದೇವರ ಹೆಸರಿಟ್ಟರು. ನಮ್ಮ ಕಡೆ ಮನೆದೇವರು ಗುಟ್ಟಿನ ವಿಷಯವಲ್ಲ. ಬಸ್ಸಿನಲ್ಲಿ ಪಕ್ಕದಲ್ಲಿ ಕೂತವರು ಊರು ಕೇಳಿ, ಅಡ್ಡಹೆಸರು ಕೇಳಿ, ಮೂರನೆಯ ಮಾತಿಗೆ ಮನೆದೇವರನ್ನೇ ಕೇಳುತ್ತಾರೆ.

ಒಂದು ಸೋಮವಾರ ಬೆಳಿಗ್ಗೆ ಹದಿನಾಲ್ಕು ಪರದೆಗಳ ಮೇಲೂ ಇಂಗ್ಲಿಷ್ ಅಕ್ಷರದಲ್ಲಿ ಬರೆದ ಒಂದೇ ಕನ್ನಡ ಸಾಲು: ‘ನಿಮ್ಮ ಮನೀದೇವ್ರಿಗೆ ನನ್ನ ನಮಸ್ಕಾರ.’ ಫೋನ್ ತಂತಿಯಲ್ಲಿ ಯಾರೋ ಒಳಗೆ ಬಂದು, ಮೈಲಾರಲಿಂಗನಿಂದ ಎಲ್ಲಮ್ಮನವರೆಗೆ ಒಂದೊಂದೇ ದೇವರ ಹೆಸರು ಹೊಡೆದು ಬಾಗಿಲು ತೆರೆದಿದ್ದ. ಬರಿ ನಮಸ್ಕಾರ ಹೇಳಿ ಹೋಗಿದ್ದರೆ ನಾನೂ ನಕ್ಕು ಸುಮ್ಮನಾಗುತ್ತಿದ್ದೆ. ಗ್ರಂಥಾಲಯಕ್ಕಾಗಿ ಎರಡು ತಿಂಗಳು ಕೂತು ಮಾಡಿದ ಪುಸ್ತಕಗಳ ಯಾದಿಯನ್ನು ಅಳಿಸಿ ಹೋಗಿದ್ದ. ಅದನ್ನು ಮತ್ತೆ ಬೆರಳಚ್ಚು ಮಾಡುತ್ತ ನಾವು ಅವನ ವಂಶವನ್ನೆಲ್ಲ ನೆನೆದೆವು.

ಪಾಸ್‌ವರ್ಡ್ ಬದಲಿಸಿರಿ ಎಂದರೆ ಯಾರೂ ಒಪ್ಪಲಿಲ್ಲ. ಮುಳಗುಂದ ಸರ್ ಕೈ ಮುಗಿದೇ ಹೇಳಿದರು: ‘ಗಿರಿಜಾ, ನೀ ಏನ್ ಬೇಕಾದ್ ಹೇಳವಾ, ಮಾಡ್ತೀನಿ. ಮನೀದೇವ್ರನ್ನ ಬದಲಿ ಮಾಡು ಅನಬ್ಯಾಡ. ವೀರಭದ್ರ ಭಾಳ ಸಿಟ್ಟಿನಾಂವ.’

ಆಗ ನೆರವಿಗೆ ಬಂದವರು ಸೂಡಿ ಮಾಸ್ತರು. ಅವರ ಪರಿಚಯ ಇಲ್ಲೇ ಹೇಳಬೇಕು, ಯಾಕೆಂದರೆ ಈ ಕಥನದ ಜೀವ ಅವರೇ. ಸಾಲಿ ಮಾಸ್ತರಿಕೆಯಿಂದ ನಿವೃತ್ತರಾಗಿ, ಸಪ್ತಾಪುರದಲ್ಲಿ ಎರಡು ಕೋಣೆಯ ಬಾಡಿಗೆ ಮನೆಯಲ್ಲಿದ್ದು, ನಮ್ಮ ಸಂಸ್ಥೆಗಾಗಿ ಒಕ್ಕಲುತನದ ಮತ್ತು ಮನೆವಾರ್ತೆಯ ಮಾತುಗಳ ಪದಕೋಶ ಮಾಡುತ್ತಿದ್ದರು. ಹಳ್ಳಿ ಹಳ್ಳಿ ತಿರುಗಿ ಕೂಡಿಸಿದ ಶಬ್ದಗಳು ಸಾವಿರಾರು ಚೀಟಿಗಳಲ್ಲಿದ್ದವು. ದಿನಾ ಹನ್ನೊಂದು ಗಂಟೆಗೆ ನಡೆದೇ ಬರುತ್ತಿದ್ದರು, ಬಗಲಲ್ಲಿ ಛತ್ರಿ, ಕೈಯಲ್ಲಿ ಚೀಟಿಯ ಕಟ್ಟು.

‘ದೇವ್ರು ದೇವ್ರ ಮನ್ಯಾಗ ಇರ್ಲೋ ಮುಳಗುಂದ’ ಎಂದರು. ‘ಕೀಲಿಕೈಗೆ ನನ್ನ ಶಬ್ದ ತಗೋರಿ. ಯಾರೂ ಆಡದ ಶಬ್ದ, ಅದರ ಹಿಂದ ಚೀಟಿ ನಂಬರ. ಯಾವ ಕಳ್ಳನೂ ಊಹೆ ಮಾಡಂಗಿಲ್ಲ.’

ಹಾಗೆ ಹದಿನಾಲ್ಕು ಮಂದಿಗೆ ಮರೆತುಹೋದ ಹದಿನಾಲ್ಕು ಶಬ್ದಗಳು ಹಂಚಿಹೋದವು. ಆ ಮಧ್ಯಾಹ್ನ ನಾನು ಕಳ್ಳನಿಗೆ ಶಾಪ ಹಾಕುತ್ತ ಕೂತಿದ್ದಾಗ ಮಾಸ್ತರು ಹೇಳಿದ ಮಾತು ಮಾತ್ರ ನನ್ನ ವೃತ್ತಿಯ ಅಡಿಗಲ್ಲಾಯಿತು.

‘ತಂಗೀ, ಹಗೇವು ನೋಡೀಯೇನ ನೀ? ನೆಲದಾಗ ತಗ್ಗು ತಗದು ಜ್ವಾಳ ಮುಚ್ಚಿಡ್ತಿದ್ರು. ಯಾಕ? ದರೋಡಿಕಾರರು ಬರ್ತಿದ್ರು ಅಂತ. ಊರಿಗೆ ಅಗಸಿ ಬಾಗಲ, ಅಗಸಿಗೆ ಕಾವಲಗಾರ, ಮನಿ ಬಾಗಲಕ್ಕ ಅಡ್ಡ ಹಾಕಾಕ ಅಗಳಿ, ಊರ ನಡಬರಕ ಎತ್ತರದ ಕಾವಲ ಬುರುಜು, ಹುಡೇವು. ಕಳ್ಳರು ಇದ್ದಿದ್ದಿಲ್ಲಂದ್ರ ಈ ಶಬ್ದ ಒಂದರ ಹುಟ್ಟತಿತ್ತೇನು? ನನ್ನ ಪದಕೋಶದಾಗ ಕಳ್ಳರ ಪಾಲೂ ಐತಿ. ನೀ ಬೈಬ್ಯಾಡಂತ ನಾ ಅನ್ನೂದಿಲ್ಲ. ಬೈದು, ಆಮ್ಯಾಲೆ ಅಗಳಿ ಮಾಡು.’

ಬೈದು, ಆಮೇಲೆ ಅಗಳಿ ಮಾಡು. ಈಗಿನ ಮಕ್ಕಳಿಗೆ ನಾನು ಕೊಡುವ ಉಪದೇಶವೂ ಇಷ್ಟೇ.

ಇನ್ನು ನನ್ನ ಪೂರ್ತಿ ವೃತ್ತಿಯ ಅತಿದೊಡ್ಡ ತಪ್ಪಿಗೆ ಬರುತ್ತೇನೆ. ಅದನ್ನು ಮಾಡಿದವಳು ನಾನೇ.

ಹೊಸ ಶತಮಾನ ಬಂದಿತ್ತು. ಸಂಸ್ಥೆಗೆ ಈಮೇಲ್ ಬಂದಿತ್ತು. ಸೂಡಿ ಮಾಸ್ತರರ ಕಣ್ಣು ಮಂಜಾಗಿ ಚೀಟಿ ಬರೆಯುವುದು ನಿಂತು ಮೂರು ವರ್ಷವಾಗಿತ್ತು. ಅವರು ಬಾಯಲ್ಲಿ ಹೇಳುತ್ತಿದ್ದರು, ನಾವು ನೇರವಾಗಿ ಯಂತ್ರಕ್ಕೆ ಬೆರಳಚ್ಚು ಮಾಡುತ್ತಿದ್ದೆವು. ಹಳೆಯ ಚೀಟಿಗಳಲ್ಲಿ ಶಬ್ದ ಮಾತ್ರ ಇತ್ತು. ಅದರ ಅರ್ಥ, ಬಳಕೆ, ಯಾವ ಊರಲ್ಲಿ ಯಾರು ಹೇಗೆ ಆಡಿದರು ಎಂಬುದೆಲ್ಲ ಯಂತ್ರದಲ್ಲೇ ಇತ್ತು, ಒಂದೊಂದು ಅಕ್ಷರಕ್ಕೆ ಒಂದೊಂದು ಫೈಲು. ಕೊನೆಯ ಅಕ್ಷರಗಳು ಮುಗಿಯುವ ಹಂತಕ್ಕೆ ಬಂದಿದ್ದವು.

ದಸರೆಗೆ ಎರಡು ವಾರ ಮೊದಲು ನನಗೊಂದು ಈಮೇಲ್ ಬಂತು. ಕಳಿಸಿದವರು ನಾಡಿಗೆಲ್ಲ ಹೆಸರಾದ ಒಬ್ಬ ಪ್ರಾಧ್ಯಾಪಕರು. ಒಳಗೆ ಇಂಗ್ಲಿಷಿನಲ್ಲಿ ಒಂದೇ ಸಾಲು. ಜೊತೆಗಿರುವ ಫೈಲು ನೋಡಿ ನಿಮ್ಮ ಅಭಿಪ್ರಾಯ ತಿಳಿಸಿರಿ ಎಂಬ ಅರ್ಥದ್ದು.

ನಾನು ಆ ಸಾಲನ್ನು ಮೂರು ಸಲ ಓದಿದೆ. ಅಷ್ಟು ವರ್ಷದ ನೌಕರಿಯಲ್ಲಿ ಪ್ರಿಂಟರ್ ಯಾಕೆ ನಿಂತಿತು ಎಂದು ಕೇಳಿದವರಿದ್ದರು, ಗಿರಿಜಾ ನಿನ್ನ ಅಭಿಪ್ರಾಯವೇನು ಎಂದು ಯಾರೂ ಕೇಳಿರಲಿಲ್ಲ. ಸೆರಗು ಸರಿಮಾಡಿಕೊಂಡು ಫೈಲು ತೆರೆದೆ. ಯಾವುದೋ ವಸತಿನಿಲಯದ ಖಾನಾವಳಿಯ ವಾರದ ಊಟದ ಯಾದಿ. ಇದರಲ್ಲೇನೋ ಒಳಗುಟ್ಟಿರಬೇಕೆಂದು ಎರಡು ಸಲ ಓದಿ, ಗಂಭೀರವಾಗಿ ಉತ್ತರ ಬರೆದೆ: ‘ಸೋಮವಾರದ ರೊಟ್ಟಿ ಎಣಗಾಯಿ ಯೋಗ್ಯವಾಗಿದೆ. ಬುಧವಾರದ ಪಲ್ಲೆ ಮಂಗಳವಾರವೂ ಬಂದಿರುವುದರಿಂದ ಬದಲಿಸುವುದು ಸೂಕ್ತ.’ ನಾಕಾ ಕಟ್ಟಿದವಳು, ಹದಿನಾಲ್ಕು ಮಂದಿಯ ದೇವರನ್ನು ಬದಲಿಸಿದವಳು, ಬೇಲಿಯೇ ಎದ್ದು ಹೊಲ ಮೇಯ್ದಂತೆ ನಾನೇ ಬಾಗಿಲು ತೆರೆದು, ಆ ಫೈಲಿನಲ್ಲಿ ಕೂತು ಬಂದ ಹೊಸ ಜಾತಿಯ ವೈರಸ್ಸನ್ನು, ಹುಳುವನ್ನು, ಒಳಗೆ ಕರೆದುಕೊಂಡಿದ್ದೆ. ಅಂಥದ್ದನ್ನು ಹಿಡಿಯುವ ಹೊಸ ಸಿಡಿ ಟಪಾಲಿನಲ್ಲಿ ಬಂದು ನನ್ನ ಡ್ರಾವರಿನಲ್ಲಿ ಲಕೋಟೆ ಒಡೆಯದೆ ಬಿದ್ದಿತ್ತು.

ಮುಂದೆ ದಸರೆಯ ಆಯುಧಪೂಜೆ, ನಮ್ಮ ಕಡೆಯ ಖಂಡೇಪೂಜೆ. ಯಂತ್ರಗಳಿಗೆಲ್ಲ ಚೆಂಡುಹೂವು. ಪದಕೋಶದ ನಕಲು ಇದ್ದ ಮೂರು ಸಿಡಿಗಳನ್ನು ನಾನೇ ಹೆಮ್ಮೆಯಿಂದ ತಟ್ಟೆಯಲ್ಲಿ ಜೋಡಿಸಿದ್ದೆ, ಹೊಳೆಯುವ ಬದಿ ಮೇಲೆ ಮಾಡಿ. ಫಕ್ಕೀರಪ್ಪ ಭಕ್ತಿಯಿಂದ ಒಂದೊಂದಕ್ಕೂ ಮೂರು ಬೆರಳು ವಿಭೂತಿ ಎಳೆದು, ಕುಂಕುಮ ಹಚ್ಚಿ, ಅಕ್ಕಿಕಾಳು ಅಂಟಿಸಿದ. ಪೂಜೆ ಮುಗಿದ ಮೇಲೆ ಅವನ್ನು ಪಾತ್ರೆ ತಿಕ್ಕಿದಂತೆ ತಿಕ್ಕಿ ಒರೆಸಿಟ್ಟವಳೂ ನಾನೇ.

ರಜೆ ಮುಗಿಸಿ ಬಂದು ಯಂತ್ರ ಹಚ್ಚಿದರೆ ಡಿಸ್ಕು ಖಾಲಿ. ಹುಳು ಎಲ್ಲವನ್ನೂ ಅಳಿಸಿತ್ತು. ಸಿಡಿ ಹಾಕಿದೆ. ಒಂದೂ ಓದಲಿಲ್ಲ. ಮೂರನ್ನೂ ಹತ್ತಿಯಿಂದ ತೊಳೆದೆ, ಆರಿಸಿದೆ, ಮತ್ತೆ ಹಾಕಿದೆ. ಗೀರು ಬಿದ್ದಾಗಿತ್ತು. ಕೋಟೆ ಸೂರೆಹೋದ ಮೇಲೆ ದಿಡ್ಡಿ ಬಾಗಿಲು ಹಾಕಿದವರ ಗಾದೆ ಇದೆಯಲ್ಲ, ನನಗೆ ಹಾಕಲು ದಿಡ್ಡಿಯೂ ಉಳಿದಿರಲಿಲ್ಲ.

ಹನ್ನೊಂದು ಗಂಟೆಗೆ ಸೂಡಿ ಮಾಸ್ತರು ಬನ್ನಿ ಎಲೆ ಹಿಡಿದುಕೊಂಡೇ ಬಂದರು. ನಾನು ಹೇಳಿದೆ, ‘ಹುಳು ಬಂದು ಅಳಿಸೇತ್ರಿ ಮಾಸ್ತರ್ರ’ ಎಂದು. ನಾನೇ ತೆರೆದೆ ಎಂದು ಹೇಳಲಿಲ್ಲ.

ಅವರು ಕುರ್ಚಿಯಲ್ಲಿ ಕೂತು ಕನ್ನಡಕ ಒರೆಸಿದರು. ‘ಮೂರು ವರ್ಷದ್ದೂ?’

‘ಹೌದ್ರಿ.’

‘ಎಲ್ಲಾ ಮತ್ತ ಹೇಳಾಕ ನೆನಪು ಐತಿ ತಂಗಿ’ ಎಂದರು. ‘ಎಪ್ಪತ್ತೆಂಟು ನಡದೈತಿ. ವ್ಯಾಳ್ಯಾ ಐತೋ ಇಲ್ಲೋ, ಅದೊಂದು ಗೊತ್ತಿಲ್ಲ.’ ಬನ್ನಿ ಎಲೆ ನನ್ನ ಕೈಯಲ್ಲಿಟ್ಟು, ಪ್ರತಿ ದಸರೆಯ ವಾಡಿಕೆಯಂತೆ ‘ಬಂಗಾರದಂಗ ಇರೂಣು’ ಎಂದು ಹೇಳಿ ಎದ್ದು ಹೋದರು. ನಾನು ಆ ಎಲೆ ಹಿಡಿದುಕೊಂಡು ಅತ್ತೆ.

ಮಧ್ಯಾಹ್ನ, ಇನ್ನಾರ ಯಂತ್ರಕ್ಕಾದರೂ ಹುಳು ಹೋಗಿದೆಯೋ ಎಂದು ನೋಡಲು ಬೇರೆ ಕಂಪ್ಯೂಟರಿನಿಂದ ಸಂಸ್ಥೆಯ ಅಂಚೆ ತೆರೆದೆ. ಮೂವತ್ತಕ್ಕೂ ಹೆಚ್ಚು ಪತ್ರಗಳು ಬಂದು ಬಿದ್ದಿದ್ದವು.

ಮೊದಲನೆಯದು ಕಲಬುರ್ಗಿಯಿಂದ: ‘ತಾವು ಕಳಿಸಿದ ಕ ಅಕ್ಷರದ ಭಾಗ ಓದಿದೆ. ಬಿತ್ತುವ ಕೂರಿಗಿಯ ವಿವರಣೆಯಲ್ಲಿ ಕಾಳು ಸುರಿಯುವ ಬಟ್ಟಲಿನ ಮಾತೇ ಇಲ್ಲ. ಇದು ದೊಡ್ಡ ಲೋಪ.’ ಪುಣೆಯಿಂದ ಒಬ್ಬರು: ‘ಮ ಅಕ್ಷರದಲ್ಲಿ ಮರಾಠಿಯ ಋಣವನ್ನು ಇನ್ನಷ್ಟು ಧಾರಾಳವಾಗಿ ಒಪ್ಪಬಹುದಿತ್ತು.’ ಮತ್ತೊಬ್ಬರು: ‘ವಿವರಣೆಗಳು ಉದ್ದ. ಆದರೆ ಓದುತ್ತ ನನ್ನ ತಾಯಿ ನೆನಪಾದಳು. ಆದ್ದರಿಂದ ಕಡಿಮೆ ಮಾಡಬೇಡಿರಿ.’

ಏನಾಗಿತ್ತೆಂದು ತಿಳಿಯಲು ನನಗೆ ಸ್ವಲ್ಪ ಹೊತ್ತು ಬೇಕಾಯಿತು. ಹುಳುವಿನ ಸ್ವಭಾವವೇ ಅದು. ಹೊಕ್ಕ ಯಂತ್ರದಿಂದ ಒಂದೊಂದು ಫೈಲು ಎತ್ತಿಕೊಂಡು, ಅದರ ತಲೆಗೆ ತಾನು ಅಂಟಿಕೊಂಡು, ವಿಳಾಸ ಪುಸ್ತಕದಲ್ಲಿ ಇದ್ದಬದ್ದವರಿಗೆಲ್ಲ ‘ಅಭಿಪ್ರಾಯ ತಿಳಿಸಿರಿ’ ಎಂದು ಕಳಿಸುವುದು. ಪ್ರಾಧ್ಯಾಪಕರ ಊಟದ ಯಾದಿ ನನಗೆ ಬಂದದ್ದೂ ಹಾಗೆಯೇ. ನಾವು ಇಂಟರ್ನೆಟ್ ಹಚ್ಚಿದಾಗಲೆಲ್ಲ ಅದು ಎರಡು ವಾರ ಪದಕೋಶವನ್ನು ಅಕ್ಷರ ಅಕ್ಷರವಾಗಿ ಹಂಚಿತ್ತು. ಬೇರೆ ಕಡೆಯ ಜನ ಇಂಥ ಪತ್ರ ಬಂದರೆ ಅಳಿಸಿಬಿಡುತ್ತಿದ್ದರೇನೋ. ನಮ್ಮ ವಿಳಾಸ ಪುಸ್ತಕದಲ್ಲಿದ್ದವರು ಪಂಡಿತರು. ಪಂಡಿತರಿಗೆ ಅಭಿಪ್ರಾಯ ಕೇಳಿದರೆ ಹೇಳದೆ ಬಿಡುತ್ತಾರೆಯೇ?

ಆ ವಾರವೆಲ್ಲ ಫೋನ್ ಹಿಡಿದು ಕೂತೆ. ‘ದಯವಿಟ್ಟು ಮತ್ತೆ ತೆರೆಯಬೇಡಿರಿ, ಹಾಗೇ ನನಗೆ ವಾಪಸು ಕಳಿಸಿರಿ, ನಿಮ್ಮ ಯಂತ್ರಕ್ಕೂ ಹುಳು ಹೊಕ್ಕಿದೆ, ಔಷಧ ಕಳಿಸುತ್ತೇನೆ’ ಎಂದು ಒಬ್ಬೊಬ್ಬರಿಗೂ ಹೇಳಿದೆ. ಕೆಲವರು ಬೈದರು. ಬಹಳ ಮಂದಿ ಬೈಯುವುದನ್ನು ಬಿಟ್ಟು ಕೂರಿಗಿಯ ಬಗ್ಗೆ ಮಾತಾಡಿದರು. ಎಣಗಾಯಿಗೆ ಬದನೆಕಾಯಿ ಆರಿಸುವಾಗ ತುದಿಯಲ್ಲಿ ಹುಳುಕು ಕಂಡರೆ ಅಷ್ಟನ್ನು ಕೊಯ್ದು ಉಳಿದದ್ದನ್ನು ಬಳಸುತ್ತೇವಲ್ಲ, ಹಾಗೆ ಪ್ರತಿ ಫೈಲಿನ ತಲೆಯಿಂದ ಹುಳುವನ್ನು ಕತ್ತರಿಸುವ ಪುಟ್ಟ ಪ್ರೋಗ್ರಾಮು ಬರೆದೆ. ಒಂದೊಂದು ಅಕ್ಷರ ಬಂದಾಗಲೂ ಫಕ್ಕೀರಪ್ಪ ಹಲಗೆಯ ಮೇಲೆ ಸುಣ್ಣದಕಡ್ಡಿಯಿಂದ ಬರೆಯುತ್ತಿದ್ದ. ವಿಭೂತಿಯ ವಿಷಯ ತಿಳಿದಾಗಿನಿಂದ ಅವನು ನನಗಿಂತ ಹೆಚ್ಚು ಸಂಕಟಪಟ್ಟಿದ್ದ.

‘ನಾ ದೇವ್ರು ಅಂತ ಹಚ್ಚಿದ್ನರೀ ಅಕ್ಕಾರ.’

‘ನಾ ಅದನ್ನ ಒರಸಬಾರದಿತ್ತು ಫಕ್ಕೀರಪ್ಪ. ತಪ್ಪು ನಿಂದಲ್ಲ.’

ದೀಪಾವಳಿ ಹೊತ್ತಿಗೆ ಹಲಗೆ ತುಂಬಿತು. ಒಂದೇ ಜಾಗ ಖಾಲಿ ಉಳಿಯಿತು. ‘ಹ’ ಬಂದಿರಲಿಲ್ಲ. ಹಗೇವು, ಹುಡೇವು, ಹಂತಿ ಹೊಡೆಯುವ ಕಣದ ಮಾತುಗಳೆಲ್ಲ ಅದರಲ್ಲಿದ್ದವು. ಮಾಸ್ತರು ದಿನಾ ಬಂದು ಹಲಗೆ ನೋಡಿ, ‘ಇರ್ಲಿ ಬಿಡು, ಇಷ್ಟ ಬಂತಲ್ಲ’ ಎನ್ನುತ್ತಿದ್ದರು. ಆ ಮಾತು ಕೇಳಿದರೆ ನನಗೆ ಬೈದಿದ್ದರೇ ಚೆನ್ನಾಗಿತ್ತು ಅನ್ನಿಸುತ್ತಿತ್ತು.

ನಂತರ ಒಂದು ದಿನ ರಿಜಿಸ್ಟರ್ ಅಂಚೆಯಲ್ಲಿ ದಪ್ಪ ಲಕೋಟೆ ಬಂತು. ವಿಜಾಪುರದ ಕಡೆಯ ಒಬ್ಬ ನಿವೃತ್ತ ಸಾಲಿ ಮಾಸ್ತರರು ಕಳಿಸಿದ್ದು. ಅಳಿಯ ಮಾಡಿಕೊಟ್ಟ ಈಮೇಲ್ ವಿಳಾಸವನ್ನು ತಿಂಗಳಿಗೊಮ್ಮೆ ಪೇಟೆಯ ಅಂಗಡಿಯಲ್ಲಿ ನೋಡುತ್ತಿದ್ದರಂತೆ. ಅದು ಲಗ್ನಪತ್ರಿಕೆ ಮಾಡುವ ಅಂಗಡಿಯೂ ಆಗಿದ್ದರಿಂದ ಅಲ್ಲಿನ ಯಂತ್ರದಲ್ಲಿ ಕನ್ನಡ ಅಕ್ಷರಗಳು ಮೂಡಿದವು. ಪರದೆಯ ಮೇಲೆ ಓದುವುದು ಓದಲ್ಲವೆಂದು ಅರವತ್ತು ಪುಟ ಅಚ್ಚು ತೆಗೆಸಿ, ತಿಂಗಳಿಡೀ ಕೂತು, ಕೆಂಪು ಶಾಯಿಯಲ್ಲಿ ತಿದ್ದಿ ಕಳಿಸಿದ್ದರು. ಮೇಲೊಂದು ಚೀಟಿ: ‘ಅಭಿಪ್ರಾಯ ಕೇಳಿದ್ದೀರಿ. ನಿವೃತ್ತನಾದ ಮೇಲೆ ನನ್ನನ್ನು ಯಾರೂ ಕೇಳಿರಲಿಲ್ಲ. ಆದ್ದರಿಂದ ಪೂರ್ತಿ ಹೇಳಿದ್ದೇನೆ.’

ಅದು ‘ಹ’. ಒಂದು ಪುಟವೂ ಕಡಿಮೆಯಿರಲಿಲ್ಲ. ಹಗೇವಿನ ಮಗ್ಗುಲಿಗೆ ಕೆಂಪಕ್ಷರದಲ್ಲಿ: ‘ನಮ್ಮ ಕಡೆ ಹಗೇವಿನ ಬಾಯಿ ಮುಚ್ಚಿ ಅದರ ಮೇಲೆ ಎತ್ತು ಕಟ್ಟುತ್ತಾರೆ, ಕಳ್ಳರಿಗೆ ಗುರುತು ಸಿಗಬಾರದೆಂದು. ಇದನ್ನು ಬಿಟ್ಟಿದ್ದೀರಿ.’

ನಾನು ಓಡುತ್ತಲೇ ಸಪ್ತಾಪುರಕ್ಕೆ ಹೋದೆ. ಮಾಸ್ತರಿಗೆ ಗಟ್ಟಿಯಾಗಿ ಓದಿ ಹೇಳಿದೆ. ಅವರು ಮೊದಲು ಕಣ್ಣೊರೆಸಿಕೊಂಡರು, ಹತ್ತನೆಯ ಪುಟದ ಹೊತ್ತಿಗೆ ಸಿಟ್ಟಿಗೆದ್ದರು. ‘ಯಾವಾಂವ ಇಂವ, ನನ್ನ ಬರಹಕ್ಕ ಕೆಂಪ ಶಾಯಿ ಹಚ್ಚಾಂವ?’ ಎಂದು ಕೂಗಿ, ಅಂದೇ ಉತ್ತರ ಬರೆಸಿದರು. ಇಬ್ಬರೂ ಮುಂದೆ ಎರಡು ವರ್ಷ ಕಾಗದದಲ್ಲಿ ಜಗಳಾಡಿ ಪರಮ ಸ್ನೇಹಿತರಾದರು. ಎತ್ತು ಕಟ್ಟುವ ಸಾಲು ಪದಕೋಶಕ್ಕೆ ಸೇರಿತು.

ಹೊಸದಾಗಿ ಸೇರುವವರು ಕೇಳಿರಿ. ಆ ಹುಳುವನ್ನು ಬಿಟ್ಟವನಿಗೆ ನಾನು ಕೈ ಮುಗಿಯುವುದಿಲ್ಲ. ಅವನು ಎಷ್ಟು ಜನರ ಕೆಲಸ ಹಾಳುಮಾಡಿದನೋ ಲೆಕ್ಕವಿಲ್ಲ. ಎಲ್ಲರಿಗೂ ನಮ್ಮಷ್ಟು ದೈವ ಒಲಿದಿರಲಿಕ್ಕಿಲ್ಲ. ಆದರೆ ಅಂದಿನಿಂದ ಗುರುತಿನವರು ಕಳಿಸಿದರೂ ಫೋನ್ ಮಾಡಿ ಕೇಳದೆ ನಾನು ಫೈಲು ತೆರೆಯಲಿಲ್ಲ. ಔಷಧದ ಲಕೋಟೆ ಬಂದ ದಿನವೇ ಒಡೆಯತೊಡಗಿದೆ. ನಕಲು ಮಾಡಿದರೆ ಸಾಲದು, ತಿಂಗಳಿಗೊಮ್ಮೆ ಓದಿ ನೋಡಬೇಕೆಂದು ತಿಳಿಯಿತು. ಒಂದು ನಕಲು ಪ್ರತಿ ಶನಿವಾರ ನನ್ನ ಜೊತೆ ಬಸ್ಸಿನಲ್ಲಿ ಬೆಂಗೇರಿಗೆ ಬಂದು ಜೋಳದ ಡಬ್ಬಿಯಲ್ಲಿ ಕೂರುತ್ತಿತ್ತು. ಅದೇ ನನ್ನ ಹಗೇವು. ನಮ್ಮತ್ತೆ ರೊಟ್ಟಿ ಹಿಟ್ಟಿಗೆ ಜೋಳ ತೆಗೆಯುವಾಗಲೆಲ್ಲ, ‘ನಿನ್ನ ಆಫೀಸು ಕೈಗೆ ಹತ್ತಿತು ನೋಡವಾ’ ಎನ್ನುತ್ತಿದ್ದರು.

ಪದಕೋಶ ಅಚ್ಚಾಗಿ ಬಂದಾಗ ಸೂಡಿ ಮಾಸ್ತರಿಗೆ ಎಂಬತ್ತು ನಡೆದಿತ್ತು. ಸಂಸ್ಥೆಯ ಸಭಾಗೃಹದಲ್ಲಿ ಸಣ್ಣ ಸಮಾರಂಭ. ಕೆಂಪು ಶಾಯಿಯ ಮಾಸ್ತರೂ ವಿಜಾಪುರದಿಂದ ಬಂದು ಮುಂದಿನ ಸಾಲಿನಲ್ಲಿ ಕೂತಿದ್ದರು. ಭಾಷಣ ಮುಗಿದು ಚಹಾ ಹಂಚುವಾಗ ನಾನು ಸೂಡಿ ಮಾಸ್ತರ ಪಕ್ಕಕ್ಕೆ ಹೋಗಿ ನಿಂತೆ. ಎರಡು ವರ್ಷದಿಂದ ಮುಚ್ಚಿಟ್ಟದ್ದನ್ನು ಅಂದು ಹೇಳದಿದ್ದರೆ ಮುಂದೆಂದೂ ಹೇಳುತ್ತಿರಲಿಲ್ಲ.

‘ಮಾಸ್ತರ್ರ, ಅವತ್ತು ಹುಳು ತಾನ ಬರಲಿಲ್ಲರಿ. ನಾನ ತಗದಿದ್ದೆ.’

‘ಗೊತ್ತೈತಿ’ ಎಂದರು ಅವರು, ಬಸಿಯಲ್ಲಿ ಚಹಾ ಆರಿಸುತ್ತ. ‘ಆ ಪ್ರಾಧ್ಯಾಪಕ ನನ್ನ ಗೆಳೆಯ. ದಸರಾಕ್ಕಿಂತ ಮೊದ್ಲ ಫೋನ್ ಮಾಡಿದ್ದ. ನಿಮ್ಮ ಕಂಪ್ಯೂಟರ್ ಅಕ್ಕಾರು ಬುಧವಾರದ ಪಲ್ಲೆ ಬದಲಿ ಮಾಡ್ರಿ ಅಂತ ನನಗ್ಯಾಕ ಬರದಾರೋ ಅಂತ ಕೇಳಿದ. ಡಿಸ್ಕು ಖಾಲಿ ಆದ ದಿನ ತಾಳೆ ಹತ್ತಿತು.’

‘ಮತ್ತ ಒಂದು ಮಾತೂ ಅನಲಿಲ್ಲಲ್ರಿ ನೀವು.’

‘ಏನಂತ ಅನ್ನೂದು ತಂಗಿ? ಅಷ್ಟು ವರ್ಷ ನಿನ್ನ ಎದುರಿಗೆ ಕೂತು ಹೇಳಿ ಬರಸೀನಿ. ನಿನಗ ಹೆಂಗ ಅನಸ್ತದ ಅಂತ ಒಂದ ದಿನ ಕೇಳಿಲ್ಲ. ಅದನ್ನ ಕೇಳಾಕ ಎಲ್ಲಿಂದಲೋ ಒಬ್ಬ ಕಳ್ಳ ಬರಬೇಕಾತು.’

ಬಸಿ ಕೆಳಗಿಟ್ಟು, ಹಾರ ಹಾಕಿದ್ದ ಮೊದಲ ಪ್ರತಿಯನ್ನು ಎರಡೂ ಕೈಯಲ್ಲಿ ಹಿಡಿದು ನನ್ನ ಮುಂದೆ ಚಾಚಿದರು. ಅವರು ನನಗೆ ರೀ ಹಚ್ಚಿ ಮಾತಾಡಿದ್ದು ಅದೊಂದೇ ಸಲ.

‘ತಗೋರಿ. ನೋಡಿ ನಿಮ್ಮ ಅಭಿಪ್ರಾಯ ತಿಳಿಸ್ರಿ.’

ಅಂಥ ಮಾತು ನಂಬಿ ಏನನ್ನೂ ತೆರೆಯಬಾರದೆಂದು ಎರಡು ವರ್ಷದಿಂದ ಊರಿಗೆಲ್ಲ ಪಾಠ ಹೇಳಿದವಳು, ಅಲ್ಲೇ ನಿಂತು ತೆರೆದೆ.